ಎಂಟನೆಯ ಆಳು

೩ ನವೆಂಬರ್ ೨೦೨೫, ಸೋಮವಾರ

ಸ್ವಸ್ತಿ. ಸಮಸ್ತ ಕಾಗದಕುಲ ತಿಲಕರೂ, ಮುನ್ನೂರ ಅರವತ್ತೈದು ಪುಟಗಳ ಏಕಚ್ಛತ್ರಾಧಿಪತಿಗಳೂ, ಮುಖಪುಟದಲ್ಲಿ ಬೋರ್‌ವೆಲ್ ಪಂಪಿನ ಚಿತ್ರವನ್ನೇ ಲಾಂಛನವಾಗಿ ಧರಿಸಿದವರೂ, ಜನವರಿಯಿಂದ ಈ ತನಕ ಒಂದಕ್ಷರದ ಕಳಂಕವೂ ತಟ್ಟದಂತೆ ಕಪಾಟಿನೊಳಗೆ ತಪಸ್ಸು ಮಾಡಿದವರೂ ಆದ ಶ್ರೀಮನ್ಮಹಾ ದಿನಚರಿ ಪ್ರಭುಗಳ ಪಾದಾರವಿಂದಕ್ಕೆ, ಧಾರವಾಡ ಸಪ್ತಾಪುರದ ನಿವಾಸಿ, ವಯಸ್ಸು ಇಪ್ಪತ್ನಾಲ್ಕು, ವೃತ್ತಿಯಿಂದ ಸಾಫ್ಟ್‌ವೇರ್ ಎಂಜಿನಿಯರ್, ಪ್ರವೃತ್ತಿಯಿಂದ ಉಪದ್ವ್ಯಾಪಿ, ಹನಮೇಶನು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಪ್ರಭುಗಳೇ, ಇಂದು ನಿಮ್ಮ ಸೇವಕನಿಗೆ ಶಿಕ್ಷೆಯಾಯಿತು. ಅಪರಾಧ ಇಷ್ಟೇ. ಆಫೀಸಿನಲ್ಲಿ ಹಾಜರಿಗೆ ಹೆಬ್ಬೆರಳು ಒತ್ತುವ ಯಂತ್ರವಿದೆಯಲ್ಲ, ಅದಕ್ಕೆ ನಾನು ಮಾತು ಕಲಿಸಿದ್ದೆ. ನಮ್ಮ ಮಾಲೀಕರಾದ ಬಸವಕಿರಣ ಅವರು ಬೆರಳಿಟ್ಟಾಗ ಮಾತ್ರ ಅದು ಬಹಳ ವಿನಯದಿಂದ ‘ದಯವಿಟ್ಟು ಕೈ ತೊಳೆದುಕೊಂಡು ಬನ್ನಿ’ ಎನ್ನುತ್ತಿತ್ತು. ಅವರು ಮೂರು ಸಲ ತೊಳೆದುಕೊಂಡು ಬಂದರು. ನಾಲ್ಕನೆಯ ಸಲ ನನ್ನ ಕಡೆ ನೋಡಿದರು. ಇಡೀ ಆಫೀಸಿನಲ್ಲಿ ನಗದೆ ಕೂತವನು ನಾನೊಬ್ಬನೇ. ಅದೇ ನನ್ನ ವಿರುದ್ಧ ಸಾಕ್ಷಿಯಾಯಿತು.

ಶಿಕ್ಷೆ: ತಿಂಗಳ ಕೊನೆಯವರೆಗೆ ಶಂಭುಲಿಂಗ ಸರ್ ಮೇಜಿನ ಪಕ್ಕದಲ್ಲಿ ಕೂತು ಅವರು ಹೇಳಿದ ಕೆಲಸ ಮಾಡುವುದು.

ಹುಬ್ಬಳ್ಳಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿರುವ ನಮ್ಮ ಹದಿನಾಲ್ಕು ಜನರ ಕಂಪನಿ ಹಳ್ಳಿಯ ಹಾಲಿನ ಡೇರಿಗಳಿಗೆ ಯಂತ್ರ ಮಾಡುತ್ತದೆ. ಹಾಲು ಸುರಿದರೆ ಯಂತ್ರ ಅಳೆಯುತ್ತದೆ, ಫ್ಯಾಟ್ ನೋಡುತ್ತದೆ, ಚೀಟಿ ಕೊಡುತ್ತದೆ. ಅದರೊಳಗೆ ಓಡುವ ಪುಟ್ಟ ಆಪರೇಟಿಂಗ್ ಸಿಸ್ಟಮನ್ನು ಹದಿನಾರು ವರ್ಷದ ಹಿಂದೆ ಶಂಭುಲಿಂಗ ಸರ್ ಒಬ್ಬರೇ ಕೂತು ಬರೆದರು. ಹೆಸರು ‘ಕಮತ’. ಹೊಲಮನೆ ಮಾಡುವವರ ಮನೆಯಿಂದ ಬಂದವರು, ಬೇರೆ ಹೆಸರು ಹೊಳೆಯಲಿಲ್ಲವಂತೆ.

ಈಗ ಉಪ್ಪಿನಬೆಟಗೇರಿಯ ಡೇರಿಯಲ್ಲಿ ಯಂತ್ರ ಎಂಟು ಹತ್ತು ದಿನಕ್ಕೊಮ್ಮೆ ಬೆಳಗಿನ ಹೊತ್ತು ಹಠ ಹಿಡಿದು ನಿಂತುಬಿಡುತ್ತದೆ. ಅಂಕಿ ಬರುವ ಜಾಗದಲ್ಲಿ ಬರೀ ಗೀಟು. ಆರಿಸಿ ಹಚ್ಚಿದರೆ ಏನೂ ಆಗದವರಂತೆ ಎದ್ದು ಕೂರುತ್ತದೆ. ಕಾರಣ ಯಾರಿಗೂ ಗೊತ್ತಿಲ್ಲ. ಮೂವತ್ತನೆಯ ತಾರೀಕಿನೊಳಗೆ ಕಾರಣ ಸಿಗದಿದ್ದರೆ ಕಮತವನ್ನು ಕಿತ್ತುಹಾಕಿ, ಹೊರಗಿನಿಂದ ಕೊಂಡ ಸಿಸ್ಟಮ್ ಹಾಕುವುದಾಗಿ ಬಸವಕಿರಣ ಅವರು ಸಭೆಯಲ್ಲಿ ಹೇಳಿದರು. ಕಮತ ಹೋದರೆ ಸರ್‌ಗೆ ಇಲ್ಲಿ ಕೆಲಸವೇ ಉಳಿಯುವುದಿಲ್ಲ ಎಂಬುದನ್ನು ಯಾರೂ ಹೇಳಲಿಲ್ಲ. ಎಲ್ಲರೂ ಚಹಾ ಕುಡಿದರು.

ಗುಟ್ಟಾಗಿ ಅರಿಕೆ ಮಾಡುತ್ತೇನೆ ಪ್ರಭುಗಳೇ, ಕಮತ ಹೋದರೆ ನನಗೇನೂ ಬೇಸರವಿಲ್ಲ. ಕೊಂಡು ತಂದ ಸಿಸ್ಟಮಿನ ಹೆಸರು ನನ್ನ ಬಯೋಡಾಟಾದಲ್ಲಿ ಥಳಥಳ ಹೊಳೆಯುತ್ತದೆ. ‘ಕಮತ’ ಎಂದು ಬರೆದರೆ ನನ್ನನ್ನು ಟ್ರ್ಯಾಕ್ಟರ್ ಹೊಡೆಯಲು ಕರೆದಾರು.

೫ ನವೆಂಬರ್, ಬುಧವಾರ

ಡಿಬಗರ್ ಎಂದರೇನೆಂದು ಪ್ರಭುಗಳಿಗೆ ತಿಳಿಯದಿರಬಹುದು. ನಿಮ್ಮನ್ನು ಅಚ್ಚು ಹಾಕಿಸಿ ಹಂಚಿದ ಪಂಪಿನ ಕಂಪನಿಯವರು ಹೇಳಿಕೊಟ್ಟಿರಲಿಕ್ಕಿಲ್ಲ. ಓಡುವ ಯಂತ್ರದ ಕೈ ಹಿಡಿದು ನಿಲ್ಲಿಸಿ ‘ಈಗ ಏನು ಮಾಡುತ್ತಿದ್ದೆ, ಎಲ್ಲಿಂದ ಬಂದೆ’ ಎಂದು ಕೇಳುವ ಸಾಧನ ಅದು.

ಒಂದೇ ಯಂತ್ರದೊಳಗೆ ಹಲವು ಕೆಲಸ ಕೂಡಿಯೇ ನಡೆಯುತ್ತವೆ. ಲೋಕವೆಲ್ಲ ಅವನ್ನು ಥ್ರೆಡ್ ಎನ್ನುತ್ತದೆ, ಸರ್ ಮಾತ್ರ ಆಳು ಎನ್ನುತ್ತಾರೆ. ಕಮತದಲ್ಲಿ ಏಳು ಆಳು. ಅಳತೆಯವನು, ಫ್ಯಾಟಿನವನು, ಡಿಸ್‌ಪ್ಲೇಯವನು, ಪ್ರಿಂಟರಿನವನು, ಗುಂಡಿ ಒತ್ತಿದರೆ ಓಗೊಡುವವನು, ಗಡಿಯಾರದವನು. ಏಳನೆಯವನ ಹೆಸರು ಖಾಲಿ. ಬೇರೆ ಯಾರಿಗೂ ಕೆಲಸ ಇಲ್ಲದಾಗ ಸುಮ್ಮನೆ ಕೂರುವುದೇ ಅವನ ಕೆಲಸ. ಅವನ ಮೇಲೆ ನನಗೆ ಕೂಡಲೇ ಗೌರವ ಮೂಡಿತು.

ಒಂದು ಗಳಿಗೆಗೆ ಒಬ್ಬ ಆಳು ಮಾತ್ರ ಎದ್ದಿರುತ್ತಾನೆ, ಉಳಿದವರು ಮಲಗಿರುತ್ತಾರೆ. ತೊಂದರೆ ಏನೆಂದರೆ, ನಮ್ಮ ಡಿಬಗರ್‌ಗೆ ಎದ್ದವನೊಬ್ಬನೇ ಕಾಣುತ್ತಾನೆ. ಬೆಟಗೇರಿಯ ಯಂತ್ರ ನಿಂತಾಗ ಸರ್ ಎರಡು ಸಲ ಓಡಿಹೋಗಿ ಡಿಬಗರ್ ಹಚ್ಚಿದ್ದಾರೆ. ಎರಡು ಸಲವೂ ಸಿಕ್ಕವನು ಖಾಲಿ. ಏನು ಮಾಡುತ್ತಿದ್ದೆ ಎಂದರೆ ಸುಮ್ಮನೆ ಕೂತಿದ್ದೆ ಎನ್ನುತ್ತಾನೆ. ಕಳವಾದ ಮನೆಗೆ ಹೋದ ಪೊಲೀಸರಿಗೆ ತೊಟ್ಟಿಲ ಕೂಸು ಮಾತ್ರ ಸಿಕ್ಕ ಹಾಗೆ.

ಹೆಸರುವಾಸಿ ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಮಲಗಿದವರನ್ನು ಎಲ್ಲಿ ಹುಡುಕಬೇಕೆಂದು ಈ ಡಿಬಗರ್‌ಗೆ ಮೊದಲೇ ಗೊತ್ತು. ಕಮತದ ಸುದ್ದಿ ಅದಕ್ಕೆ ಗೊತ್ತಿಲ್ಲ. ಇದರ ಮೂಲ ಬರಹ ಎಲ್ಲರಿಗೂ ತೆರೆದಿರುವುದರಿಂದ ನಾವೇ ಒಂದು ಅಧ್ಯಾಯ ಸೇರಿಸಬಹುದು. ಅದೇ ನನ್ನ ಶಿಕ್ಷೆ.

“ದೊಡ್ಡ ದೊಡ್ಡ ಮಂದಿ ಮನಿ ಎಲ್ಲಾ ಅದಕ್ಕ ಗೊತ್ತದಾವು,” ಎಂದರು ಸರ್. “ನಮ್ಮ ಮನಿ ದಾರಿ ಅದಕ್ಕ ಯಾರ ತೋರಿಸ್ಯಾರ? ನೀ ತೋರಿಸು.”

ನಾನು ಎದೆಯ ಮೇಲೆ ಕೈಯಿಟ್ಟು, ಈ ಕಾರ್ಯಕ್ಕಾಗಿ ಪ್ರಾಣವನ್ನಾದರೂ ಕೊಡುತ್ತೇನೆ ಎಂದೆ. ಪ್ರಾಣ ಬ್ಯಾಡ, ಒಂಬತ್ತೂವರಿಗಿ ಬಾ ಸಾಕು ಎಂದರು.

೮ ನವೆಂಬರ್, ಶನಿವಾರ

ಇಂದು ನಾನು ಕಮತದಲ್ಲಿ ನಾಲ್ಕು ಸಾವಿರದ ಇನ್ನೂರು ಆಳುಗಳನ್ನು ಕಂಡುಹಿಡಿದೆ.

ಮೊದಲನೆಯವನು ಎಲ್ಲಿ ಕೂತಿದ್ದಾನೆಂದು ಸರ್ ತೋರಿಸಿದರು. ಪ್ರತಿಯೊಬ್ಬನ ಬಳಿಯೂ ಪಕ್ಕದವನ ವಿಳಾಸವಿರುತ್ತದೆ. ಅದನ್ನು ಹಿಡಿದುಕೊಂಡು ಒಬ್ಬನಿಂದ ಒಬ್ಬನ ಬಳಿಗೆ ಹೋಗುತ್ತ ಎಣಿಸು ಎಂದೆ ಡಿಬಗರ್‌ಗೆ. ಅದು ಎಣಿಸಿತು, ಎಣಿಸಿತು, ಲ್ಯಾಪ್‌ಟಾಪಿನ ಫ್ಯಾನ್ ಹಿಟ್ಟಿನ ಗಿರಣಿಯ ಹಾಗೆ ಕೂಗತೊಡಗಿತು. ಟೆಸ್ಟಿಂಗ್ ವಿಭಾಗದ ಶಾಜಿಯಾ ಎದ್ದು ಬಂದು, ಏನು ಜನಗಣತಿ ನಡೆದಿದೆಯೇ ಎಂದು ಕೇಳಿದಳು. ನಾನು ಗಂಭೀರವಾಗಿ, ಕಮತ ಮಹಾಸಾಮ್ರಾಜ್ಯವಾಗಿ ಬೆಳೆದಿದೆ ಎಂದೆ.

ಸರ್ ಪರದೆ ನೋಡಿ ಅಷ್ಟು ಹೊತ್ತು ನಕ್ಕದ್ದನ್ನು ನಾನು ಮೊದಲ ಸಲ ಕಂಡೆ. “ಅವ್ರು ಸಾಲಾಗಿ ಕುಂತಿಲ್ಲೋ ಮಾರಾಯ, ಸುತ್ತಗಟ್ಟಿ ಕುಂತಾರ. ಹೊಂಟಲ್ಲೇ ತಿರಗಿ ಬಂದ್ರ ನಿಂದ್ರಬೇಕು. ನೀ ಏಳು ಮಂದಿನ್ನ ಆರುನೂರು ಸಲ ಎಣಿಸೀದಿ.”

ಸಂಜೆ ಚಿಗರಿ ಬಸ್ಸಿನಲ್ಲಿ ನಿಂತುಕೊಂಡೇ ಧಾರವಾಡಕ್ಕೆ ಬಂದೆ. ಶಾಜಿಯಾಳ ಮೌಸ್ ಕೆಳಗೆ ಟೇಪ್ ಅಂಟಿಸಿ ಬಂದಿದ್ದೇನೆ. ಸೋಮವಾರಕ್ಕೆ ಫಲ.

೧೧ ನವೆಂಬರ್, ಮಂಗಳವಾರ

ಟೇಪಿನ ಫಲ: ನನ್ನ ಕುರ್ಚಿಯ ಒಂದು ಗಾಲಿ ಕಾಣೆಯಾಗಿದೆ. ಶಾಜಿಯಾ ಕಣ್ಣೆತ್ತಿಯೂ ನೋಡುತ್ತಿಲ್ಲ. ಎದುರಾಳಿ ಯೋಗ್ಯಳೇ.

ಈಗ ಎಣಿಕೆ ಏಳಕ್ಕೆ ನಿಲ್ಲುತ್ತದೆ. ಆದರೆ ಮಲಗಿದವರನ್ನು ನೀನು ಎಲ್ಲಿದ್ದೆ ಎಂದು ಕೇಳಿದರೆ ಹುಚ್ಚು ಹಿಡಿದವರಂತೆ ಉತ್ತರಿಸುತ್ತಾರೆ. ಪ್ರಿಂಟರಿನವನು ತಾನು ಇಲ್ಲದೇ ಇರುವ ವಿಳಾಸದಲ್ಲಿದ್ದೇನೆ ಎನ್ನುತ್ತಾನೆ. ಗಡಿಯಾರದವನು ತಾನು ಸೊನ್ನೆಯಲ್ಲಿದ್ದೇನೆ ಎನ್ನುತ್ತಾನೆ. ಎರಡು ದಿನ ಅವರನ್ನು ಬೈದೆ.

ಆಳು ಮಲಗುವ ಮೊದಲು ತನ್ನ ಅರ್ಧ ಕೆಲಸವನ್ನೆಲ್ಲ ಗಂಟು ಕಟ್ಟಿ ತಲೆಯಡಿ ಇಟ್ಟುಕೊಳ್ಳುತ್ತಾನೆ. ಎದ್ದಾಗ ಆ ಗಂಟು ಬಿಚ್ಚಿ ಬಿಟ್ಟಲ್ಲಿಂದ ಶುರು ಮಾಡುತ್ತಾನೆ. ಗಂಟಿನಲ್ಲಿ ಯಾವುದರ ಮೇಲೆ ಯಾವುದಿದೆ ಎಂಬುದು ಡಿಬಗರ್‌ಗೆ ಗೊತ್ತಿರಬೇಕು. ಬೇರೆಯವರು ಕಟ್ಟುವ ಕ್ರಮವನ್ನು ಪುಸ್ತಕದಲ್ಲಿ ನೋಡಿ ಅದನ್ನೇ ಬರೆದಿದ್ದೆ. ಸರ್ ಕ್ಯಾಲೆಂಡರಿನ ಹಳೆಯ ಹಾಳೆ ಹರಿದು ಅದರ ಹಿಂದೆ ಚಿತ್ರ ಬರೆದರು. ಅವರ ತಾಯಿ ಹೊಲಕ್ಕೆ ಬುತ್ತಿ ಕಟ್ಟುವಾಗ ಎಲ್ಲಕ್ಕಿಂತ ಕೆಳಗೆ ಮೊಸರಿನ ಗಡಿಗೆ, ಅದರ ಮೇಲೆ ಪಲ್ಯ, ಮೇಲೆ ರೊಟ್ಟಿ ಇಡುತ್ತಿದ್ದರಂತೆ, ಬಿಚ್ಚಿದ ಕೂಡಲೇ ರೊಟ್ಟಿ ಕೈಗೆ ಬರಲಿ ಎಂದು. ಸರ್ ಕೂಡ ಹಾಗೆಯೇ ಕಟ್ಟಿದ್ದಾರೆ, ಮೊದಲು ಬೇಕಾದದ್ದು ಮೇಲೆ. ನಾನು ಬುತ್ತಿಯನ್ನು ತಲೆಕೆಳಗಾಗಿ ಬಿಚ್ಚಿ, ಮೊಸರನ್ನು ರೊಟ್ಟಿ ಎಂದು ತಿಳಿದು ಮುರಿಯಲು ಹೋಗಿದ್ದೆ.

ಕ್ರಮ ತಿರುಗಿಸಿದೆ. ಪ್ರಿಂಟರಿನವನು ತಣ್ಣಗೆ ತಾನಿರುವ ಜಾಗ ಹೇಳಿದ. ಆ ಕ್ಯಾಲೆಂಡರ್ ಹಾಳೆ ನನ್ನ ಚೀಲದಲ್ಲಿದೆ. ಬಿಸಾಡಲು ಮರೆತೆ.

೧೪ ನವೆಂಬರ್, ಶುಕ್ರವಾರ

ಇಂದು ಬೆಟಗೇರಿಯ ಡೇರಿಯ ಸೆಕ್ರೆಟರಿ ಯಮನಪ್ಪನವರ ಫೋನ್. ನಿನ್ನೆ ಮತ್ತೆ ನಿಂತಿತಂತೆ. ಅವರು ಇಷ್ಟು ದಿನ ಲಕ್ಷ್ಯವಿಟ್ಟು ನೋಡಿ ಒಂದು ಸಂಗತಿ ಕಂಡುಕೊಂಡಿದ್ದಾರೆ. ನಿಂತಾಗಲೆಲ್ಲ ಯಂತ್ರದಲ್ಲಿದ್ದದ್ದು ದ್ರಾಕ್ಷಾಯಿಣಿ ಎಂಬ ಹೆಣ್ಣುಮಗಳ ಹಾಲು. ಆಕೆಯ ಕೈಗುಣ ಸರಿಯಿಲ್ಲ ಎಂದು ಊರವರು ತೀರ್ಮಾನಿಸಿ, ಈ ತಿಂಗಳ ಮೊದಲಿನಿಂದ ಆಕೆಯನ್ನು ಪಾಳಿಯಲ್ಲಿ ಎಲ್ಲರ ಹಿಂದೆ ನಿಲ್ಲಿಸುತ್ತಿದ್ದಾರಂತೆ. ನಿಂತರೆ ಆಕೆಯ ಹಾಲಿಗೇ ನಿಲ್ಲಲಿ, ಉಳಿದವರದಾದರೂ ಮುಗಿದಿರುತ್ತದಲ್ಲ ಎಂದು.

ನಾನು ನಕ್ಕು ನಕ್ಕು ಮೇಜಿನ ಮೇಲೆ ಬಿದ್ದೆ. ಆಮೇಲೆ ಎದ್ದು ನಿಂತು, ಸಮಸ್ತ ಪ್ರಜೆಗಳಿಗೆ ಡಂಗುರ ಸಾರುವ ಧಾಟಿಯಲ್ಲಿ, ಇಂದಿನಿಂದ ಕಮತದ ಎಲ್ಲ ದೋಷಗಳಿಗೂ ದ್ರಾಕ್ಷಾಯಿಣಿ ದೇವಿಯವರೇ ಹೊಣೆಗಾರರು ಎಂದು ಘೋಷಿಸಿದೆ. ಶಾಜಿಯಾ ಕೂಡ ನಕ್ಕಳು.

ಸರ್ ನಗಲಿಲ್ಲ. “ತಪ್ಪು ನಮ್ಮದು. ಹಿಂದ ನಿಂತಾಕಿ ಆಕಿ,” ಎಂದರು. “ಇದರಾಗ ನಗೋದು ಏನೈತೋ?”

ಇಷ್ಟೇ. ದನಿ ಏರಿಸಲೂ ಇಲ್ಲ. ಮಧ್ಯಾಹ್ನದ ಚಹಾಕ್ಕೆ ಕರೆಯಲು ಮಾತ್ರ ಮರೆತರು. ಪ್ರಭುಗಳೇ, ಹಾಸ್ಯರಸಕ್ಕೆ ಈ ನಾಡಿನಲ್ಲಿ ಬೆಲೆಯಿಲ್ಲ.

೧೮ ನವೆಂಬರ್, ಮಂಗಳವಾರ

ಬಂದರು. ಏಳೂ ಜನ ಬಂದರು.

ಮೇಜಿನ ಮೇಲಿನ ಯಂತ್ರವನ್ನು ನಿಲ್ಲಿಸಿ ಕೇಳಿದೆ. ಪರದೆಯ ಮೇಲೆ ಏಳು ಸಾಲು. ಯಾರು, ಎದ್ದಿದ್ದಾನೋ ಮಲಗಿದ್ದಾನೋ, ಮಲಗಿದ್ದರೆ ಯಾವುದಕ್ಕಾಗಿ ಕಾಯುತ್ತಿದ್ದಾನೆ, ಕೈಯಲ್ಲಿ ಏನು ಹಿಡಿದುಕೊಂಡಿದ್ದಾನೆ. ಯಾರ ಸಾಲಿನ ಮೇಲೆ ಒತ್ತಿದರೂ ಅವನು ಬಂದ ದಾರಿಯೆಲ್ಲ ಹೆಜ್ಜೆ ಹೆಜ್ಜೆಯಾಗಿ ಬಿಚ್ಚಿಕೊಳ್ಳುತ್ತದೆ.

ಸರ್ ಕುರ್ಚಿ ಎಳೆದುಕೊಂಡು ಕೂತರು. ಹದಿನಾರು ವರ್ಷ ಇವರನ್ನೆಲ್ಲ ಸಾಕಿದ್ದಾರೆ, ಎಲ್ಲರನ್ನೂ ಒಟ್ಟಿಗೆ ನೋಡಿರಲಿಲ್ಲ. ಪೆನ್ನಿನ ತುದಿಯಿಂದ ಒಬ್ಬೊಬ್ಬನನ್ನೇ ಮುಟ್ಟಿ ಚರಿತ್ರೆ ಹೇಳಿದರು. ಅಳತೆಯವನು ಮೊದಲು ಬಹಳ ಅವಸರದವನಿದ್ದನಂತೆ, ಹಾಲಿನ ನೊರೆ ಕೂರುವ ಮೊದಲೇ ಅಂಕಿ ಹೇಳುತ್ತಿದ್ದನಂತೆ, ಅವನಿಗೆ ತಾಳ್ಮೆ ಕಲಿಸಲು ಮೂರು ತಿಂಗಳು ಹಿಡಿಯಿತಂತೆ. ಗಡಿಯಾರದವನು ಒಂದು ಸಲವೂ ಕೈಕೊಟ್ಟಿಲ್ಲ. ಖಾಲಿಯ ಬಳಿ ಬಂದಾಗ, ಇವನು ನಿನ್ನಂಥವ ಎಂದರು. ಅದು ಬೈಗುಳದ ಧಾಟಿಯಲ್ಲಿರಲಿಲ್ಲ.

ಚಹಾ ಆರಿಹೋಯಿತು. ಇಬ್ಬರೂ ಆರಿದ್ದನ್ನೇ ಕುಡಿದೆವು.

೨೦ ನವೆಂಬರ್, ಗುರುವಾರ

ಶಾಜಿಯಾ ಬಂದು, ನನ್ನ ಗಾಲಿಯನ್ನು ತಾನಾಗಿಯೇ ಮೇಜಿನ ಮೇಲಿಟ್ಟು, “ಮೈಯಾಗ ಹುಷಾರ ಅದಿಯಿಲ್ಲೋ?” ಎಂದಳು. ಒಂಬತ್ತು ದಿನದಿಂದ ಅವಳ ಮೇಲೆ ಏನೂ ಪ್ರಯೋಗವಾಗಿಲ್ಲವಂತೆ, ಅದಕ್ಕೇ ಅವಳಿಗೆ ಭಯ, ಏನೋ ದೊಡ್ಡದೇ ನಡೆದಿದೆ ಎಂದು. ದಿನಾ ಬಂದ ಕೂಡಲೇ ಕುರ್ಚಿ, ಮೌಸ್, ನೀರಿನ ಬಾಟಲಿ ಎಲ್ಲ ತಿರುಗಿಸಿ ನೋಡಿ ಸಾಕಾಗಿದೆಯಂತೆ.

ಏನೂ ಮಾಡದೆಯೇ ಇಷ್ಟು ಫಲ. ಇದನ್ನು ಹೊಸ ತಂತ್ರವೆಂದು ಬರೆದಿಟ್ಟುಕೊಳ್ಳುತ್ತೇನೆ.

ಮಲಗಿದವನ ಬಳಿ ಯಾವ ಕೀಲಿ ಇದೆ ಎಂದು ತೋರಿಸುವ ಭಾಗದಲ್ಲಿ ಒಂದು ಸಣ್ಣ ತಪ್ಪಿತ್ತು, ತಿದ್ದಿದೆ. ಡಿಸ್‌ಪ್ಲೇಗೆ ಒಂದು ಕೀಲಿ, ಪ್ರಿಂಟರಿಗೆ ಒಂದು. ಕೀಲಿ ಕೈಯಲ್ಲಿದ್ದವನು ಮಾತ್ರ ಅದನ್ನು ಬಳಸಬಹುದು, ಮುಗಿದ ಮೇಲೆ ತಿರುಗಿ ಕೊಡಬೇಕು, ಅಲ್ಲಿಯ ತನಕ ಉಳಿದವರು ಮಲಗಿ ಕಾಯಬೇಕು. ಸರ್ ಬರೆದ ಕಮತದಲ್ಲಿ ಇದೊಂದು ಕಟ್ಟಳೆ.

೨೪ ನವೆಂಬರ್, ಸೋಮವಾರ

ಇನ್ನು ಆರೇ ದಿನ. ಯಂತ್ರ ನಿಂತಾಗ ಆರಿಸಿಬಿಟ್ಟರೆ ಒಳಗಿನ ಸಾಕ್ಷಿಯೆಲ್ಲ ಅಳಿಸಿಹೋಗುತ್ತದೆ. ಆದ್ದರಿಂದ ನಾವೇ ಹೋಗಿ ಕೇಬಲ್ ಹಚ್ಚಿ ಕಾಯುವುದು ಎಂದು ಸರ್ ನಿರ್ಧರಿಸಿದರು. ಬೆಳಗಿನ ನಾಲ್ಕೂಮುಕ್ಕಾಲಿಗೆ ಸಪ್ತಾಪುರದ ಬಾವಿಯ ಹತ್ತಿರ ಅವರ ಸ್ಕೂಟರ್ ಬಂತು. ಕಿವಿಗೆ ಮಫ್ಲರ್ ಸುತ್ತಿಕೊಂಡು ಹಿಂದೆ ಕೂತೆ. ಬೆಟಗೇರಿ ಮುಟ್ಟುವಷ್ಟರಲ್ಲಿ ನನ್ನ ಮೂಗು ನನ್ನದೆಂಬ ನಂಬಿಕೆ ಹೋಗಿತ್ತು.

ಯಮನಪ್ಪನವರು ಡೇರಿಯ ಬಾಗಿಲು ತೆಗೆದು, ಟ್ಯೂಬ್‌ಲೈಟ್ ಹಚ್ಚಿ, ಹಾಲು ಬರುವ ಮೊದಲೇ ನಮಗೆ ಹಾಲು ಕಾಸಿ ಕೊಟ್ಟರು. ಕಪ್ಪು ಅಂಚಿನ ಕನ್ನಡಕ, ತಲೆಗೆ ಟವೆಲ್, ಪ್ರತಿ ಚೀಟಿಯನ್ನೂ ಗಟ್ಟಿಯಾಗಿ ಓದಿ ಕೊಡುವ ರೂಢಿ. ಐದೂವರೆಗೆ ಪಾಳಿ ಶುರುವಾಯಿತು. ಕೊನೆಯಲ್ಲಿ, ಉಳಿದವರಿಂದ ಎರಡು ಮಾರು ದೂರ, ಸ್ಟೀಲಿನ ಕ್ಯಾನ್ ಹಿಡಿದು ನಿಂತವಳು ದ್ರಾಕ್ಷಾಯಿಣಿ. ಮೂವತ್ತೈದಿರಬಹುದು. ನನ್ನ ಡಂಗುರದ ದೇವಿಯ ಮುಖ ನಾನು ಬೇರೆ ರೀತಿ ಊಹಿಸಿಕೊಂಡಿದ್ದೆ.

ಸರ್ ಆಕೆಯ ಹತ್ತಿರ ಹೋಗಿ, ತಂಗೀ, ನೀ ಮೊದಲು ಬಾರವ್ವಾ ಎಂದರು.

“ಹಿಂದ ನಿಂದ್ರು ಅಂದ್ರಿ, ನಿಂತೆ. ಈಗ ಮುಂದ ಬಾ ಅಂತೀರಿ,” ಎಂದಳು ಆಕೆ. “ನಾ ಏನ್ ಮಶಿನ್ ಕೆಡಿಸಾಕ ಪಗಾರ ತಗೋತೇನೇನ್ರಿ?”

ಪಾಳಿಯಲ್ಲಿ ನಗು ಎದ್ದಿತು. ಸರ್ ಕೈಮುಗಿದರು. ಕಮತ ಬರೆದ ಮನುಷ್ಯ, ಐವತ್ತೆರಡು ವರ್ಷದವರು, ಒಂದು ಕ್ಯಾನಿನ ಮುಂದೆ ಕೈಮುಗಿದು, ಕೆಟ್ಟರೆ ನಮಗೆ ಒಳ್ಳೆಯದೇ, ಕೆಡಲಿ ಎಂದೇ ಬಂದಿದ್ದೇವೆ ಎಂದರು. ಆಕೆ ಮುಂದೆ ಬಂದು ಹಾಲು ಸುರಿದಳು. ಕೆಡಲಿಲ್ಲ. ಚೀಟಿ ಬಂತು. ಐದು ಲೀಟರ್, ಫ್ಯಾಟ್ ನಾಲ್ಕು ಪಾಯಿಂಟ್ ಎಂಟು.

ಯಂತ್ರ ಕೆಡದಿದ್ದಕ್ಕೆ ಇಷ್ಟು ಮಂದಿ ಬೇಸರಪಟ್ಟದ್ದನ್ನು ನಾನು ಕಂಡಿರಲಿಲ್ಲ.

೨೫ ನವೆಂಬರ್, ಮಂಗಳವಾರ

ಕೆಡಲಿಲ್ಲ. ಚಳಿ.

೨೭ ನವೆಂಬರ್, ಗುರುವಾರ

ಪ್ರಭುಗಳೇ, ಇಂದಿನ ಪುಟವನ್ನು ನೀವು ಬಂಗಾರದ ಅಕ್ಷರವೆಂದು ತಿಳಿದು ಓದಬೇಕು.

ಆರಕ್ಕೆ ಸರ್ ದ್ರಾಕ್ಷಾಯಿಣಿಯನ್ನು ಮತ್ತೆ ಮುಂದೆ ಕರೆದರು, ಆಕೆ ಹಾಲು ಸುರಿದಳು. ಐದು ಲೀಟರ್. ಫ್ಯಾಟಿನ ಅಂಕಿ ಬರಬೇಕು, ಬರಲಿಲ್ಲ. ಗೀಟು. ಯಮನಪ್ಪನವರು ರೂಢಿಯಂತೆ ಸ್ವಿಚ್ಚಿಗೆ ಕೈ ಹಾಕಿದರು, ಸರ್ ಅವರ ಕೈಯನ್ನೇ ಹಿಡಿದುಕೊಂಡರು. ನಾನು ಕುಕ್ಕರಗಾಲಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಯಂತ್ರ ನಿಲ್ಲಿಸಿ ಪಟ್ಟಿ ಕೇಳಿದೆ. ಬೆನ್ನ ಹಿಂದೆ ಇಪ್ಪತ್ತು ಜನ ಕ್ಯಾನ್ ಹಿಡಿದು ಬಗ್ಗಿದ್ದರು.

ಸಾಲುಗಳು ಬಂದವು. ಒಂದು, ಎರಡು, ಮೂರು. ಏಳಕ್ಕೆ ನಿಲ್ಲಲಿಲ್ಲ. ಎಂಟು.

“ಏಳ ಮಂದಿ ಬರದೇನಿ ನಾ,” ಎಂದರು ಸರ್. “ಈ ಎಂಟನೇದಾಂವ ಯಾರು?”

ಎಂಟನೆಯವನು ಮಲಗಿದ್ದ. ಡಿಸ್‌ಪ್ಲೇಯ ಕೀಲಿ ಅವನ ಕೈಯಲ್ಲಿತ್ತು. ಹಸಿರು ಗುಂಡಿ ಒತ್ತುವುದನ್ನೇ ಕಾಯುತ್ತಿದ್ದ. ಡಿಸ್‌ಪ್ಲೇಯವನು, ಫ್ಯಾಟಿನವನು, ಪ್ರಿಂಟರಿನವನು, ಮೂವರೂ ಆ ಕೀಲಿಗಾಗಿ ಕಾಯುತ್ತ ಅವನ ಹಿಂದೆ ಮಲಗಿದ್ದರು. ಡೇರಿಯ ಯಂತ್ರಕ್ಕೆ ಹಸಿರು ಗುಂಡಿಯೇ ಇಲ್ಲ. ಅದು ಇರುವುದು ನಮ್ಮ ಆಫೀಸಿನಲ್ಲಿ, ಶಾಜಿಯಾಳ ಮೇಜಿನ ಮೇಲಿನ ಪರೀಕ್ಷೆಯ ಯಂತ್ರಕ್ಕೆ ಮಾತ್ರ.

ನನಗೆ ಎಲ್ಲ ನೆನಪಾಯಿತು. ಹೋದ ವರ್ಷ ಶಾಜಿಯಾಳ ಮೇಲೆ ನಡೆಸಿದ ಪ್ರಯೋಗ ಅದು. ಅವಳು ಯಂತ್ರ ಪರೀಕ್ಷಿಸುವಾಗ ಯಾವಾಗಲೂ ಹಾಲು ಐದು, ಫ್ಯಾಟ್ ಐದು ಎಂದೇ ಕೊಡುತ್ತಾಳೆ. ಎರಡೂ ಸರಿಯಾಗಿ ಐದು ಬಂದರೆ ಈ ಎಂಟನೆಯವನು ಎದ್ದು, ಕೀಲಿ ಕಸಿದುಕೊಂಡು, ‘ಹಾಲಿಗೆ ಎಷ್ಟು ನೀರು ಬೆರೆಸಿದಿರಿ’ ಎಂದು ಪರದೆಯ ಮೇಲೆ ತೋರಿಸಬೇಕು, ಅವಳು ಹಸಿರು ಗುಂಡಿ ಒತ್ತುವ ತನಕ ಬಿಡಬಾರದು. ಮರುದಿನವೇ ತೆಗೆದುಹಾಕಿದ್ದೆ. ಆದರೆ ನಡುವಿನ ಆ ಸಂಜೆ, ಸರ್ ರಜೆಯಲ್ಲಿದ್ದಾಗ, ಬೆಟಗೇರಿಯ ಯಂತ್ರಕ್ಕೆ ಸಾಫ್ಟ್‌ವೇರ್ ಹಾಕಿ ಕಳಿಸಿದವನು ನಾನೇ, ನನ್ನ ಕಂಪ್ಯೂಟರಿನಿಂದಲೇ. ಡೇರಿಯ ಡಿಸ್‌ಪ್ಲೇಯಲ್ಲಿ ಅಂಕಿ ಮಾತ್ರ ಮೂಡುತ್ತವೆ, ಅಕ್ಷರ ಮೂಡುವುದಿಲ್ಲ. ಆದ್ದರಿಂದ ಬರೀ ಗೀಟು. ದ್ರಾಕ್ಷಾಯಿಣಿಯ ಕ್ಯಾನ್ ಐದು ಲೀಟರಿನದು, ದಿನಾ ತುಂಬಿಯೇ ತರುತ್ತಾಳೆ. ಎಂಟು ಹತ್ತು ದಿನಕ್ಕೊಮ್ಮೆ ಅವಳ ಎಮ್ಮೆ ಆಕಳ ಹಾಲು ಕೂಡಿ ಫ್ಯಾಟೂ ಸರಿಯಾಗಿ ಐದಕ್ಕೆ ಬರುತ್ತದೆ.

ಈಗ ಕೇಳಿ. ಪರದೆಯ ಮೇಲೆ ಬಿಸಿಲು ಬಿದ್ದು ಸಾಲುಗಳು ಯಾರಿಗೂ ಸರಿಯಾಗಿ ಕಾಣುತ್ತಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನಿಮ್ಮ ಸೇವಕನು ಎದ್ದು ನಿಂತ. ತಲೆ ಬಾಗಿಸಲಿಲ್ಲ. ಇಡೀ ಡೇರಿಗೆ ಕೇಳುವ ಹಾಗೆ, “ಸರ, ಆ ಎಂಟನೇದಾಂವ ನಾನ,” ಎಂದ. ಕ್ಯಾನ್‌ಗಳೆಲ್ಲ ನಿಶ್ಶಬ್ದವಾದವು. ಸತ್ಯದ ಮುಂದೆ ಸಮಸ್ತ ಲೋಕವೂ ಒಂದು ಗಳಿಗೆ ತಲೆಬಾಗಿತು.

ಸರ್ ಪೆನ್ನಿನ ತುದಿಯಿಂದ ಎಂಟೂ ಸಾಲನ್ನು ಒಂದೊಂದಾಗಿ ಮುಟ್ಟಿದರು. ಆಮೇಲೆ ನನಗಲ್ಲ, ತಮಗೇ ಹೇಳಿಕೊಂಡರು, ಕಮತದ್ದು ತಪ್ಪಿಲ್ಲ, ಕೀಲಿ ಇದ್ದವನಿಗೆ ಎಲ್ಲರೂ ಕಾಯ್ದಿದ್ದಾರೆ, ತಾವು ಹೇಳಿದ ಹಾಗೇ ಕಾಯ್ದಿದ್ದಾರೆ ಎಂದು. ಆ ದನಿ ಕೇಳಿ ನನಗೆ ಖುಷಿಯಾಯಿತು.

ನಾನು ಕ್ಷಮೆ ಕೇಳಲು ಬಾಯಿ ತೆಗೆದೆ. “ನನಗ ಬ್ಯಾಡ. ಆಕಿಗಿ ಹೇಳು,” ಎಂದರು.

ಹೇಳಿದೆ. ಎಂಥ ಪ್ರಯೋಗ, ಯಾರ ಮೇಲೆ, ಯಾಕೆ, ಎಲ್ಲವನ್ನೂ ಪಾಳಿಗೆ ಕೇಳುವ ಹಾಗೆ ಹೇಳಬೇಕಾಯಿತು. ನಡುವೆ ಒಂದು ಹಾಸ್ಯವೂ ಹೊಳೆಯಲಿಲ್ಲ. ದ್ರಾಕ್ಷಾಯಿಣಿ ಕೇಳಿಸಿಕೊಂಡು, ಸೆರಗಿನಿಂದ ಕ್ಯಾನಿನ ಬಾಯಿ ಒರೆಸಿದಳು.

“ನಾ ಹಾಲಿಗೆ ನೀರು ಬೆರಿಸೇನಿ ಅಂತ ಬರದಿದ್ದೇನು, ಮತ್ತ?”

“ನಿಮಗಲ್ರಿ ಅಕ್ಕಾರ, ಬ್ಯಾರೇದಾಕಿಗಿರಿ.”

“ಬರದಿದ್ದಿ ಆಕಿಗಿ. ಹಿಂದ ನಿಂತಾಕಿ ನಾನು,” ಎಂದಳು. ಆಮೇಲೆ ಖಾಲಿ ಕ್ಯಾನನ್ನು ನನ್ನ ಕೈಗೆ ಕೊಟ್ಟಳು. “ಹೋಗು, ಪಾಳಿ ಮುಗಿಯೂತನಾ ಎಲ್ಲಾರ ಹಿಂದ ನಿಂದ್ರು. ಹೆಂಗ ಅನಸ್ತೈತಿ ನೋಡು.”

ನಿಂತೆ. ಇಪ್ಪತ್ತು ಜನರ ಹಿಂದೆ, ಎರಡು ಮಾರು ದೂರ, ಖಾಲಿ ಕ್ಯಾನ್ ಹಿಡಿದು, ಐವತ್ತು ನಿಮಿಷ. ಹೋಗುವವರೆಲ್ಲ ತಿರುಗಿ ನೋಡಿ, ಎಷ್ಟು ಲೀಟರ್ ತಂದಿದ್ದೀ ತಮ್ಮಾ ಎಂದು ಕೇಳಿದರು. ದ್ರಾಕ್ಷಾಯಿಣಿ ಯಾರಿಗಿಂತಲೂ ಜೋರಾಗಿ ನಕ್ಕಳು. ನನಗೂ ನಗು ಬಂತು. ಅದೇನು ದೊಡ್ಡ ಸಂಗತಿಯಲ್ಲ. ಬರೀ ಆ ಎರಡು ಮಾರಿನ ಖಾಲಿ ಜಾಗ ಇದೆಯಲ್ಲ, ಅದು ನೋಡಲು ಸಣ್ಣದು, ನಿಂತರೆ ದೊಡ್ಡದು.

೨೮ ನವೆಂಬರ್, ಶುಕ್ರವಾರ

ಬಸವಕಿರಣ ಅವರ ಕೋಣೆಯಲ್ಲಿ ಒಂದು ತಾಸು. ಸರ್ ಲ್ಯಾಪ್‌ಟಾಪ್ ತೆರೆದು ಆ ಎಂಟು ಸಾಲು ತೋರಿಸಿದರು. ಮಾಲೀಕರು ಮೊದಲು ಪಟ್ಟಿ ನೋಡಿದರು, ಆಮೇಲೆ ನನ್ನನ್ನು ನೋಡಿದರು, ಆಮೇಲೆ ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. ಇವನನ್ನು ಇವತ್ತೇ ಮನೆಗೆ ಕಳಿಸುತ್ತೇನೆ ಎಂದರು.

ಕಳಿಸಿರಿ, ಆದರೆ ಈ ಪಟ್ಟಿ ತೋರಿಸುವ ಸಾಧನ ಮಾಡಿದವನೂ ಇವನೇ, ಮುಂದೆ ಇದು ಕೆಟ್ಟರೆ ನನ್ನಿಂದಾಗುವುದಿಲ್ಲ ಎಂದರು ಸರ್. ಎಷ್ಟು ಸಪ್ಪಗೆ ಹೇಳಿದರೆಂದರೆ, ಅದು ವಕಾಲತ್ತು ಎಂದು ನನಗೇ ತಿಳಿಯಲಿಲ್ಲ.

ತೀರ್ಪು: ಕಮತ ಉಳಿಯಿತು. ಕೊಂಡು ತರುವ ಮಾತು ಮುಗಿಯಿತು. ಹನಮೇಶನಿಗೆ ಶಂಭುಲಿಂಗ ಸರ್ ಮೇಜಿನ ಪಕ್ಕದ ಶಿಕ್ಷೆ ಇನ್ನೂ ಒಂದು ವರ್ಷ. ಘೋರ ಶಿಕ್ಷೆ. ಸಂಜೆ ಬರುವಾಗ ಆ ಕುರ್ಚಿಗೆಂದು ಒಂದು ದಿಂಬು ಕೊಂಡೆ.

ಶಾಜಿಯಾಗೂ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ, ತಾನು ಮೊನ್ನೆ ಕೊಟ್ಟ ಆ ಗಾಲಿಯನ್ನು ತನಗೇ ತಿರುಗಿ ತಂದುಕೊಡಲು ಆಗುತ್ತದೆಯೇ ಎಂದು.

೨೯ ನವೆಂಬರ್, ಶನಿವಾರ

ಬೆಟಗೇರಿಯ ಯಂತ್ರಕ್ಕೆ ಸರಿಯಾದ ಸಾಫ್ಟ್‌ವೇರ್ ಹಾಕಿ ಬಂದೆವು. ನನ್ನನ್ನು ಯಾರೂ ಕರೆದಿರಲಿಲ್ಲ, ಬೆಳಗಿನ ಗಾಳಿಗೆಂದು ಹೋದೆ. ದ್ರಾಕ್ಷಾಯಿಣಿ ಪಾಳಿಯಲ್ಲಿ ನಾಲ್ಕನೆಯವಳಾಗಿ ನಿಂತಿದ್ದಳು, ತಾನು ಬಂದ ಹೊತ್ತಿಗೆ ಸರಿಯಾದ ಜಾಗದಲ್ಲಿ. ಐದು ಲೀಟರ್. ಫ್ಯಾಟ್ ಐದು. ಎಲ್ಲರೂ ಉಸಿರು ಹಿಡಿದರು. ಚೀಟಿ ಬಂತು. ಯಮನಪ್ಪನವರು ಅದನ್ನು ಎರಡು ಸಲ ಗಟ್ಟಿಯಾಗಿ ಓದಿದರು.

ಕಮತದ ಅಧ್ಯಾಯವನ್ನು ಡಿಬಗರ್ ಮಾಡುವವರಿಗೆ ಕಳಿಸಿಕೊಡೋಣ, ಬೇರೆ ಯಾರಿಗಾದರೂ ದಾರಿ ತೋರಿಸಲು ಬಂದೀತು ಎಂದರು ಸರ್ ದಾರಿಯಲ್ಲಿ. ಬರೆದವರ ಹೆಸರು ಎಂಬಲ್ಲಿ ನನ್ನ ಹೆಸರು ಹಾಕಲು ಹೇಳಿದರು. ನಾನು ಇಬ್ಬರದೂ ಹಾಕಿದೆ, ಸರ್‌ದು ಮೊದಲು. ವರ್ಣಮಾಲೆಯ ಕ್ರಮದಲ್ಲಿ ‘ಶ’ ಮೊದಲು ಬರುತ್ತದೆ, ಅಷ್ಟೇ.

೩೦ ನವೆಂಬರ್, ಭಾನುವಾರ

ಪ್ರಭುಗಳೇ, ಇಡೀ ದಿನ ಮನೆಯಲ್ಲೇ ಇದ್ದೆ. ಹಿಂದಿನ ಪುಟಗಳನ್ನು ಓದಿದೆ. ಇಪ್ಪತ್ತೇಳರ ಪುಟ ಬಹಳ ಚೆನ್ನಾಗಿ ಬಂದಿದೆ. ಎರಡು ಸಲ ಓದಿದೆ. ಮೂರನೆಯ ಸಲ ಓದಲಾಗಲಿಲ್ಲ.

ಪರದೆಯ ಮೇಲೆ ಬಿಸಿಲು ಬಿದ್ದಿರಲಿಲ್ಲ. ಆರು ಗಂಟೆಗೆ ಬೆಟಗೇರಿಯಲ್ಲಿ ಸೂರ್ಯ ಇನ್ನೂ ಹುಟ್ಟಿರುವುದಿಲ್ಲ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಎಂಟೂ ಸಾಲು ಸ್ಫುಟವಾಗಿ ಕಾಣುತ್ತಿದ್ದವು. ಆಳುಗಳಿಗೆ ನಂಬರ್ ಸಾಕು, ಹೆಸರು ಬೇಡ ಎಂದು ಸರ್ ಮೊದಲೇ ಹೇಳಿದ್ದರು. ಹೆಸರಿದ್ದರೇ ಶೋಭೆ ಎಂದು ಹಠ ಹಿಡಿದು ಆ ಕಾಲಂ ಸೇರಿಸಿದವನು ನಾನು. ಹೋದ ವರ್ಷ ಎಂಟನೆಯವನಿಗೆ ‘ಹನಮೇಶ ಮಹಾರಾಜ’ ಎಂದು ನಾಮಕರಣ ಮಾಡಿದವನೂ ನಾನೇ. ಯಮನಪ್ಪನವರು ಕನ್ನಡಕ ಏರಿಸಿಕೊಂಡು, ಚೀಟಿ ಓದುವ ದನಿಯಲ್ಲಿ, ಇಡೀ ಡೇರಿಗೆ ಅದನ್ನು ಓದಿ ಹೇಳಿದರು. ಸರ್ ನನ್ನ ಕಡೆ ತಿರುಗಿದರು.

ಆಗಲೂ ನಾನು ಎದ್ದು ನಿಲ್ಲಲಿಲ್ಲ. ಕುಕ್ಕರಗಾಲಲ್ಲೇ ಕೂತು ಮೊದಲು ಹೇಳಿದ್ದು, “ಅಂವ ಬ್ಯಾರೇ ಹನಮೇಶ ಇರಬೇಕ್ರಿ, ಸರ.”